ಎರಡು ವರ್ಷದ ಮಗುವಿಗೆ ಮಾತು ಬಂದಿಲ್ಲವೆಂದು ಮನೆಯ ಕನ್ನಡ ಬಿಡಿಸುವವರಿಗೆ

ಮತ್ತೆ ಅದೇ ಸಲಹೆ ಕಿವಿಗೆ ಬಿತ್ತು. ಎರಡು ವರ್ಷ ದಾಟಿದ ಮಗು, ಇನ್ನೂ ಮಾತು ಬಂದಿಲ್ಲ. ಪ್ಲೇಸ್ಕೂಲಿನವರು ಅಪ್ಪ ಅಮ್ಮನನ್ನು ಕೂರಿಸಿಕೊಂಡು, "ಮನೇಲಿ ಕನ್ನಡ ಬಿಟ್ಟುಬಿಡಿ, ಇಂಗ್ಲಿಷ್ ಒಂದೇ ಮಾತಾಡಿ, ಎರಡೆರಡು ಭಾಷೆ ಕೇಳಿ ಮಗು ಕನ್‌ಫ್ಯೂಸ್ ಆಗಿದೆ" ಅಂತ ಹೇಳಿ ಕಳಿಸಿದ್ದಾರೆ. ಅವತ್ತಿನಿಂದ ಅಮ್ಮ ಹೆದರಿ ಹೆದರಿ ಇಂಗ್ಲಿಷ್ ಆಡುತ್ತಿದ್ದಾಳೆ, ಇಂಗ್ಲಿಷ್ ಬಾರದ ಅಜ್ಜಿ ಬಾಯಿ ಮುಚ್ಚಿಕೊಂಡಿದ್ದಾರೆ. ಮಗುವಿನ ಕಿವಿ ಪರೀಕ್ಷೆ ಮಾಡಿಸಿ ಅಂತ ಮಾತ್ರ ಒಬ್ಬರೂ ಹೇಳಿಲ್ಲ. ನನಗೆ ಈ ಸಿಟ್ಟು ಹೊಸದಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಸಲಹೆ ನಿಲ್ಲುತ್ತಿಲ್ಲ.

ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮಂಗಳೂರಿನ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಬೀದಿಗಿಳಿದರೆ ಕನ್ನಡ. ಮಕ್ಕಳು ಎರಡನ್ನೂ ಆಡಿಕೊಂಡೇ ಬೆಳೆಯುತ್ತಾರೆ. ತಪ್ಪಾಗುವುದು ಲೆಕ್ಕ ಹಾಕುವಾಗ. ಪ್ಲೇಸ್ಕೂಲಿನವರು ಇಂಗ್ಲಿಷ್ ಪದಗಳನ್ನು ಮಾತ್ರ ಎಣಿಸಿ "ಇಷ್ಟೇನಾ?" ಅನ್ನುತ್ತಾರೆ. ಎರಡು ಭಾಷೆಯ ಮಗುವಿಗೆ ಎರಡನ್ನೂ ಕೂಡಿಸಿ ಎಣಿಸಬೇಕು. "ಅಮ್ಮ, ಬಾಲ್ ಬೇಕು" ಅನ್ನುವ ಮಗು ಗೊಂದಲದಲ್ಲಿಲ್ಲ, ತನಗೆ ಸಿಕ್ಕ ಪದಗಳನ್ನೆಲ್ಲ ಬಳಸಿ ಒಂದು ವಾಕ್ಯ ಕಟ್ಟಿದೆ. ಹುಟ್ಟಿನಿಂದಲೇ ಕಲಿಕೆ ನಿಧಾನವಾಗಿರುವ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಎರಡನೇ ಭಾಷೆಯಿಂದ ಮಾತು ಇನ್ನಷ್ಟು ಹಿಂದೆ ಬಿದ್ದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಭಾಷೆ ಬದಲಿಸಿದಾಗ ಆ ಮನೆಯಲ್ಲಿ ಏನಾಗುತ್ತದೆ ನೋಡಿ. ಸ್ನಾನ ಮಾಡಿಸುವಾಗ ಅಮ್ಮ ಕನ್ನಡದಲ್ಲಾದರೆ, "ಬಾ ಬಾ ನೀರು ಹುಯ್ಕೊಳೋಣ. ಅಯ್ಯೋ, ಬಿಸಿ ಆಯ್ತಾ ಕಂದ? ಇರು, ತಣ್ಣೀರು ಬೆರೆಸ್ತೀನಿ. ಈಗ ಕಣ್ಣು ಮುಚ್ಕೋ, ಸೋಪು ಹೋಗುತ್ತೆ" ಅನ್ನುತ್ತಾಳೆ. ಅದೇ ಅಮ್ಮ ಬಾರದ ಇಂಗ್ಲಿಷಿಗೆ ಹೊರಳಿದರೆ ಉಳಿಯುವುದು ಇಷ್ಟು: "ಕಮ್. ಸಿಟ್. ಕ್ಲೋಸ್ ಐಸ್. ಗುಡ್ ಬಾಯ್." ಬಿಸಿ ಹೋಯಿತು, ತಣ್ಣೀರು ಹೋಯಿತು, ಬೆರೆಸುವುದು ಹೋಯಿತು, ಕಾರಣ ಹೇಳುವುದು ಹೋಯಿತು. ಮಾತು ತಡವಾದ ಮಗುವಿಗೆ ಹೆಚ್ಚು ಬೇಕಾದದ್ದನ್ನೇ ಕಿತ್ತುಕೊಂಡ ಹಾಗಾಯಿತು.

ಒಂಟಿ ಪದದ ಆಜ್ಞೆಗಳಿಂದ ಭಾಷೆ ಯಾಕೆ ಬೆಳೆಯುವುದಿಲ್ಲ ಅನ್ನುವುದಕ್ಕೆ ಕನ್ನಡದ ಮಕ್ಕಳೇ ಸಾಕ್ಷಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಮೂರು ವರ್ಷದ ಕನ್ನಡ ಮಕ್ಕಳನ್ನು ಪರೀಕ್ಷಿಸಿದರು. ನಮ್ಮ ಭಾಷೆಯಲ್ಲಿ ಏರು–ಏರಿಸು ಅನ್ನುವಾಗ "ಇಸು" ಬಂದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು ಅಂತ ಅರ್ಥ. ದೊಡ್ಡವರು ಆ "ಇಸು" ಹಿಡಿದು ಅರ್ಥ ಮಾಡಿಕೊಳ್ಳುತ್ತೇವೆ. ಮಕ್ಕಳು ಹಿಡಿದದ್ದು ಬೇರೆಯದನ್ನು: ವಾಕ್ಯದಲ್ಲಿ ಎಷ್ಟು ಜನ, ಎಷ್ಟು ವಸ್ತುಗಳ ಹೆಸರು ಬಂತು ಅನ್ನುವುದನ್ನು. ಕ್ರಿಯಾಪದದ ಅರ್ಥವನ್ನು ಮಗು ಪೂರ್ತಿ ವಾಕ್ಯದಿಂದ ಬಿಡಿಸಿಕೊಳ್ಳುತ್ತದೆ. "ಸಿಟ್" ಅನ್ನುವುದರಲ್ಲಿ ಬಿಡಿಸಿಕೊಳ್ಳಲು ಏನಿದೆ?

ಈ ಕೆಲಸ ಶುರುವಾಗುವುದೂ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಮೊದಲು. ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಹೆಚ್ಚು ಬಯಸುತ್ತದೆ ಅಂತ 1980ರಲ್ಲೇ ಗೊತ್ತಾಗಿದೆ. ಆ ದನಿಯನ್ನು ಅದು ಹೊಟ್ಟೆಯೊಳಗೇ ಕೇಳಿರುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಯ ಶಿಶುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಶಿಶುಗಳಲ್ಲಿ ಕುಗ್ಗಿತ್ತು. ನಮ್ಮ ತ–ಟ, ದ–ಡ, ನ–ಣ ಮನೆಯಲ್ಲಿ ದಿನವೂ ಬೀಳುತ್ತಿದ್ದರೆ ಆ ಕಿವಿ ಹಾಗೇ ಉಳಿಯುತ್ತದೆ. ಅಂದರೆ ಮೊದಲ ಪದ ಆಡುವ ಮೊದಲೇ ಮಗು ಮನೆ ಭಾಷೆಯ ಮೇಲೆ ತಿಂಗಳುಗಟ್ಟಲೆ ದುಡಿದಿರುತ್ತದೆ. ಎರಡನೇ ವರ್ಷದಲ್ಲಿ ಬಂದು "ಅದನ್ನು ಬಿಟ್ಟುಬಿಡಿ" ಅನ್ನುವವರಿಗೆ ಇದು ಗೊತ್ತಿರಬೇಕು.

ಇನ್ನು ಫೋನು. "ಯೂಟ್ಯೂಬ್ ರೈಮ್ಸ್ ಹಾಕ್ತೀವಿ, ಇಂಗ್ಲಿಷ್ ತಾನಾಗೇ ಬರುತ್ತೆ" ಅನ್ನುವವರು ಶಿಶುಗಳ ಭಾಷಾಕಲಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಪೆಟ್ರೀಶಿಯಾ ಕುಲ್ ಅವರ 2003ರ ಪ್ರಯೋಗ ತಿಳಿದುಕೊಳ್ಳಬೇಕು. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ 12 ಸಲ, ಪ್ರತಿ ಸಲ ಸುಮಾರು 25 ನಿಮಿಷ, ಎದುರಿಗೆ ಕೂತು ಚೀನೀ ಮಾತಾಡುತ್ತ ಆಡಿಸಿದರು. ಆ ಶಿಶುಗಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟಿವಿ ಪರದೆಯಲ್ಲಿ ನೋಡಿದ ಶಿಶುಗಳು ಕಲಿಯಲೇ ಇಲ್ಲ. ಪರದೆ ಮಗುವಿನ ಮುಖ ನೋಡುವುದಿಲ್ಲ, ಮಗು "ಆ" ಅಂದರೆ ನಿಂತು ಉತ್ತರ ಕೊಡುವುದಿಲ್ಲ. ಭಾರತೀಯ ಶಿಶುವೈದ್ಯರ ಅಕಾಡೆಮಿಯೂ ಎರಡು ವರ್ಷದೊಳಗೆ ಪರದೆಯೇ ಬೇಡ ಅನ್ನುತ್ತದೆ. ಅಜ್ಜ ಅಜ್ಜಿಯರ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಪರವಾಗಿಲ್ಲ, ಅಲ್ಲಿ ಆ ಕಡೆಯಿಂದ ಉತ್ತರ ಬರುತ್ತದೆ.

ಹಾಗಾದರೆ ನೋಡಬೇಕಾದ್ದು ಏನು? ಬಾಯಿಗಿಂತ ಮೊದಲು ಕೈ. ಒಂದು ವರ್ಷದ ಆಸುಪಾಸಿನಲ್ಲಿ ಮಗು ಬೆರಳು ಚಾಚಿ ತೋರಿಸುತ್ತದೆಯೇ, ಟಾಟಾ ಮಾಡುತ್ತದೆಯೇ, ತಾರಮ್ಮಯ್ಯ ಅಂದರೆ ಕೈ ತಿರುಗಿಸುತ್ತದೆಯೇ, ಹೆಸರು ಕೂಗಿದರೆ ತಿರುಗುತ್ತದೆಯೇ? ಚಪ್ಪಲಿ ಕಡೆ ಬೆರಳು ತೋರಿಸಿ "ಅಪ್ಪ" ಅನ್ನುವ ಮಗು ಅಪ್ಪನ ಚಪ್ಪಲಿ ಅಂತ ಹೇಳುತ್ತಿದೆ. ಎರಡು ಪದ ಜೋಡಿಸುವ ದಿನ ದೂರವಿಲ್ಲ. ಹನ್ನೆರಡು ತಿಂಗಳಿಗೂ ಬಬಬ–ದದದ ತೊದಲು ಇಲ್ಲ, ಕೈ ಸನ್ನೆ ಇಲ್ಲ. ಹದಿನಾರು ತಿಂಗಳಿಗೆ ಒಂದೂ ಪದವಿಲ್ಲ. ಇಪ್ಪತ್ತನಾಲ್ಕು ತಿಂಗಳಿಗೆ "ಹಾಲು ಬೇಕು", "ಅಮ್ಮ ಬಾ" ಅಂತ ತಾನಾಗಿ ಎರಡು ಪದ ಕೂಡಿಸುತ್ತಿಲ್ಲ. ಅಥವಾ ಬಂದಿದ್ದ ಮಾತು ಯಾವುದೇ ವಯಸ್ಸಿನಲ್ಲಿ ಹೋಯಿತು. ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ರೊಟ್ಟಿಗೆ ಲೊಟ್ಟಿ ಅನ್ನುವುದು ಈ ಪಟ್ಟಿಯಲ್ಲಿಲ್ಲ, ರ ಬರಲು ಸಮಯ ಬೇಕು.

"ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಗಂಡು ಮಕ್ಕಳು ತಡ" ಅನ್ನುತ್ತಾರೆ. ತಡವಾಗಿ ಶುರು ಮಾಡಿ ಸರಿಹೋಗುವ ಮಕ್ಕಳು ಬೇಕಾದಷ್ಟಿದ್ದಾರೆ, ನಿಜ. ಆದರೆ ಎದುರಿಗಿರುವ ಮಗು ಆ ಗುಂಪಿನದೇ ಅಂತ ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಅಂತ ಬಂದರೆ ಕಳೆದುಕೊಂಡದ್ದು ಒಂದು ದಿನ. ಕಿವಿ ಕೇಳದ ಮಗುವನ್ನು ಮೂರು ವರ್ಷದವರೆಗೆ ಕಾಯಿಸಿದರೆ ಕಳೆದದ್ದು ಮಿದುಳು ಭಾಷೆಗೆ ಅತಿ ಹೆಚ್ಚು ತೆರೆದಿರುವ ಕಾಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಅದು ವಾಪಸ್ ಬರುವುದಿಲ್ಲ. ಬಜೆಯ ಜೊತೆ ಜೇನು ಬೆರೆಸುವವರಿದ್ದರೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ.

ಕಿವಿಯ ವಿಷಯದಲ್ಲಿ ತಟ್ಟೆ ಬಡಿದು, ಬಾಗಿಲು ಧಡ್ ಅನ್ನಿಸಿ "ತಿರುಗಿ ನೋಡ್ತು, ಕಿವಿ ಸರಿ ಇದೆ" ಅನ್ನುವುದು ಪರೀಕ್ಷೆಯಲ್ಲ. ಜೋರು ಸದ್ದು ಕೇಳಿ, ಸ, ಶ, ಕ, ತ ದಂಥ ಸಣ್ಣ ಸದ್ದು ತಪ್ಪಿಹೋಗುವ ಮಕ್ಕಳಿದ್ದಾರೆ. ಪದೇ ಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ನೀರು ನಿಂತರೆ ನೋವಿಲ್ಲದೆಯೇ ಕೇಳಿಸುವುದು ಮಂಕಾಗುತ್ತದೆ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಾಸಾಗಿದ್ದರೂ ಆಮೇಲೆ ಕುಂದಬಹುದು. ಸೋದರಮಾವ, ಅತ್ತೆ ಮಗ ಅಂತ ಒಳಸಂಬಂಧದಲ್ಲಿ ಮದುವೆಯಾದವರ ಮಕ್ಕಳು, ಹುಟ್ಟಿದಾಗ ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಕ್ಕಳು, ಕಾಮಾಲೆ ತೀರಾ ಏರಿದ್ದ ಅಥವಾ ಮೆದುಳು ಜ್ವರ ಬಂದಿದ್ದ ಮಕ್ಕಳಿಗಂತೂ ಪರೀಕ್ಷೆ ಬಿಡಲೇಬಾರದು. ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ, ಇದು ಜಗತ್ತು ಒಪ್ಪಿದ ಕ್ರಮ.

ಅಷ್ಟರಲ್ಲಿ ಮನೆಯಲ್ಲಿ ಮಾಡಬೇಕಾದ್ದು, ನಿಮ್ಮದೇ ಮಾತಿನಲ್ಲಿ. ಟಿವಿ ಆರಿಸಿ ನೆಲದ ಮೇಲೆ ಕೂತುಕೊಳ್ಳಿ, ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ಬರಲಿ. ಅದು ಯಾವುದನ್ನು ನೋಡುತ್ತಿದೆಯೋ ಅದರ ಬಗ್ಗೆ ಮಾತಾಡಿ. ಒಂದು ಮಾತು ಆಡಿ ಐದರಿಂದ ಹತ್ತು ಸೆಕೆಂಡು ಸುಮ್ಮನಿರಿ; ದೊಡ್ಡವರಿಗೆ ಅತಿ ಕಷ್ಟವಾಗುವುದು ಇದೇ. ಮಗು "ಹಾಲು" ಅಂದರೆ "ಬಿಸಿ ಹಾಲು" ಅಂತ ಒಂದು ಪದ ಸೇರಿಸಿ ವಾಪಸ್ ಕೊಡಿ. "ಬಾಯೆಣ್ಣು" ಅಂದರೆ "ತಪ್ಪು, ಸರಿಯಾಗಿ ಹೇಳು" ಅನ್ನಬೇಡಿ, "ಹೌದು, ಬಾಳೆಹಣ್ಣು, ಸುಲಿಯೋಣ" ಅನ್ನಿ. "ಇದೇನು? ಅದೇನು? ಹೇಳು ಹೇಳು" ಅಂತ ಪರೀಕ್ಷೆ ಮಾಡಿದರೆ ಮಗು ಬಾಯಿ ಮುಚ್ಚುತ್ತದೆ. ಎರಡು ಕೈಯಲ್ಲಿ ಎರಡು ವಸ್ತು ಹಿಡಿದು "ಬಿಸ್ಕೆಟ್ ಬೇಕಾ, ಬಾಳೆಹಣ್ಣಾ?" ಅಂತ ಕೇಳಿ, ಬೆರಳು ತೋರಿಸಿದರೂ ಅದನ್ನು ಉತ್ತರವೆಂದೇ ತೆಗೆದುಕೊಳ್ಳಿ. ಕೇಳುವ ಮೊದಲೇ ಎಲ್ಲ ಕೈಗೆ ಬಂದುಬಿಟ್ಟರೆ ಕೇಳುವ ಅಗತ್ಯವೇ ಹುಟ್ಟುವುದಿಲ್ಲ. ಇಷ್ಟದ ಆಟಿಕೆಯನ್ನು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕದಂತೆ ಇಡಿ. ಬುವ್ವ, ತಾಚಿ ಅನ್ನಲು ನಾಚಿಕೆ ಬೇಡ. ರಾಗ ಎಳೆದು, ದನಿ ಏರಿಸಿ ಆಡುವ ಆ ಮಾತಿಗೆ ಶಿಶುಗಳು ಹೆಚ್ಚು ಕಿವಿಗೊಡುತ್ತವೆ. ಆ ಮಾತು ಅಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ದಯವಿಟ್ಟು ಅವರ ಬಾಯಿ ಮುಚ್ಚಿಸಬೇಡಿ.

ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ ಕೇಂದ್ರ (ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ನೆರವು ಕೊಡುವ ಕೇಂದ್ರ) ಎಲ್ಲಿದೆ ಅಂತ ಕೇಳಿ. ಅಂಗನವಾಡಿಗೆ ಬರುವ ಆ ಕಾರ್ಯಕ್ರಮದ ತಂಡವೂ ಕಳಿಸಿಕೊಡುತ್ತದೆ. ಕಿವಿಯೊಳಗೆ ಸಣ್ಣ ಮೊನೆ ಇಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು. ಸದ್ದಿಗೆ ಮಿದುಳಿನವರೆಗಿನ ನರ ಹೇಗೆ ಸ್ಪಂದಿಸುತ್ತದೆ ಅಂತ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡುವ ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಆ ದಿನ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ, ಅಲ್ಲಿ ಹೋದ ಮೇಲೆ ಹೊಟ್ಟೆ ತುಂಬಿಸಿ ಮಲಗಿಸಿ. ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ, ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಅಂಟುವುದಿಲ್ಲ. ಮಗು ಆಡುವ ಪದಗಳನ್ನೆಲ್ಲ, ಕನ್ನಡದ್ದು ಇಂಗ್ಲಿಷಿನದ್ದು ಎರಡನ್ನೂ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮನೆಯಲ್ಲಿ ಆಡುತ್ತಿರುವಾಗ ತೆಗೆದ ಎರಡು ನಿಮಿಷದ ವಿಡಿಯೊ ಇಟ್ಟುಕೊಂಡಿರಿ, ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ.