ಬಾಲ ಬಾಕಿ

ಮೊನ್ನೆ ದಡ ಸೇರಿದ ಮೇಲೆ ನನ್ನ ಗೆಳೆಯ ನನ್ನ ಕಯಾಕಿನ, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿಯ, ಮುಂದಿನ ಹಗ್ಗ ಹಿಡಿದು, ಹಟ ಹಿಡಿದ ಕರುವನ್ನು ಎಳೆಯುವ ಹಾಗೆ, ಕಲ್ಲಿನ ಮೇಲೆ ದರದರ ಎಳೆದುಬಿಟ್ಟ. ಕರ್ರ್ ಅಂತ ಸದ್ದು. ನನ್ನ ಹಲ್ಲು ಜುಂ ಅಂದವು. "ನಿಧಾನ ಮಾರಾಯ" ಅಂದರೆ, "ಮರದ್ದು ತಾನೆ, ಏನಾಗತ್ತೆ?" ಅಂದ.

ಮರದ್ದು, ನಿಜ. 4 ಮಿ.ಮೀ. ಪ್ಲೈವುಡ್ಡು. ಅದರ ಮೇಲೆ ಒಂದು ಪದರ ಫೈಬರ್‌ಗ್ಲಾಸ್ ಬಟ್ಟೆ, ಅಷ್ಟೆ. ಮುಂದಿನ ತುದಿ ಎತ್ತಿ ಎಳೆದರೆ ಭಾರವೆಲ್ಲ ಬಾಲದ ಮೇಲೆ. ದಡಕ್ಕೆ ಗುದ್ದಿ ಮೂತಿ ಕೆಡಿಸುವವನು ನಾನೇ, ಒಪ್ಪುತ್ತೇನೆ. ಬಾಲ ಸವೆಸುವುದು ಮಾತ್ರ ಗೆಳೆಯರ ಕೆಲಸ.

ಮೂತಿ ಈಗ ಗಟ್ಟಿಯಾಗಿದೆ. ಅದರ ಕತೆ ಹೇಳಲೇಬೇಕು. ಒಳಗಿನ ಮೂಲೆಗೆ ಮರದ ಹೊಟ್ಟು ಕಲಸಿದ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಸುರಿದು, ಅದು ಕಲ್ಲಾದ ಮೇಲೆ ಅಡ್ಡಡ್ಡ ತೂತು ಕೊರೆದರೆ, ಹಗ್ಗವೂ ಕೂರುತ್ತದೆ, ನೀರೂ ಒಳಗೆ ಬರುವುದಿಲ್ಲ. ಆದರೆ ಸುರಿಯಬೇಕಾದರೆ ಮೂತಿ ಕೆಳಗಾಗಿ ದೋಣಿ ನೆಟ್ಟಗೆ ನಿಲ್ಲಬೇಕಲ್ಲ. ದೋಣಿ 5 ಮೀಟರು. ಅಷ್ಟೆತ್ತರದ ಕೋಣೆ ಯಾರಿಗಿದೆ? ಕೊನೆಗೆ ಮಹಡಿ ಮೆಟ್ಟಿಲಿನ ಸಂದಿಯಲ್ಲಿ, ಮೇಲಿನ ಕಂಬಿಗೆ ಹಗ್ಗ ಕಟ್ಟಿ, ತಲೆಕೆಳಗಾಗಿ ನೇತುಹಾಕಿದೆ. ಹತ್ತುವವರು ಇಳಿಯುವವರು ಎಲ್ಲರೂ ನಿಂತು, ಕತ್ತು ಎತ್ತಿ ನೋಡಿ, "ಏನಿದು?" ಅಂತ ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಸಲಹೆ ಕೊಟ್ಟರು. ಹೆಚ್ಚು ತುಂಬಿಸು, ಗಟ್ಟಿ ಇರತ್ತೆ ಅಂದವರೇ ಜಾಸ್ತಿ. ತುದಿ ಭಾರವಾದರೆ ಅಲೆ ಬಂದಾಗ ಮೂತಿ ಮೇಲೇಳದೆ ನೀರಿಗೇ ನುಗ್ಗುತ್ತೆ ಸ್ವಾಮಿ ಅಂತ ವಿವರಿಸಲು ಹೋಗಿ ನನ್ನ ಅರ್ಧ ದಿನ ಹಾಳಾಯಿತು.

ಆ ಸಿಟ್ಟಿನಲ್ಲೇ ತಪ್ಪು ಮಾಡಿದೆ. ನನ್ನ ಡಬ್ಬಿಯ ಮೇಲೆ 2 ಪಾಲು ರೆಸಿನ್‌ಗೆ 1 ಪಾಲು ಹಾರ್ಡನರ್ ಅಂತಿತ್ತು, ಸ್ವಲ್ಪ ಸ್ವಲ್ಪವೇ ಕಲಸಿ ಅಂತಲೂ ಇತ್ತು. ಮೂರು ಮೂರು ಸಲ ಯಾಕೆ, ಒಂದೇ ಸಲ ಮುಗಿಸೋಣ ಅಂತ ಪ್ಲಾಸ್ಟಿಕ್ ಲೋಟದ ತುಂಬ ಕಲಸಿ, ಲೋಟವನ್ನು ಕೋಲಿನ ತುದಿಗೆ ಬಿಗಿದು, ಕೂರುವ ಜಾಗದಿಂದ ಒಳಗೆ ಇಳಿಸುತ್ತಾ ಇದ್ದೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ತೆಳ್ಳಗೆ ಹರಡಿದರೆ ಗೊತ್ತೇ ಆಗಲ್ಲ. ಲೋಟದಲ್ಲಿ ರಾಶಿಯಾಗಿ ಕೂತರೆ ಆ ಬಿಸಿಗೆ ಹೋಗಲು ದಾರಿ ಇರಲ್ಲ, ಬಿಸಿಗೆ ಇನ್ನೂ ಬೇಗ ಗಟ್ಟಿಯಾಗುತ್ತೆ, ಆಗ ಇನ್ನೂ ಬಿಸಿ. ನೋಡನೋಡುತ್ತ ಲೋಟ ಮೆತ್ತಗಾಗಿ ಒಂದು ಕಡೆ ಜೋತುಬಿತ್ತು. ಬಿಳಿ ಹೊಗೆ. ಕೆಳಗಿನಿಂದ ಯಾರೋ "ಬೆಂಕಿ! ಬೆಂಕಿ!" ಅಂತ ಕೂಗಿದರು. ಕೋಲನ್ನು ಪಂಜಿನ ಹಾಗೆ ಹಿಡಿದು ಅಂಗಳಕ್ಕೆ ಓಡಿದೆ. ಸಲಹೆ ಕೊಟ್ಟವರೆಲ್ಲ ಚೆನ್ನಾಗಿಯೇ ದಾರಿ ಬಿಟ್ಟರು. ಲೋಟದ ಆಕಾರದ, ಬಿರುಕು ಬಿಟ್ಟ ಆ ಕಂದು ಗಟ್ಟಿ ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಾ ಕೂತಿದೆ.

ಆಮೇಲೆ ಮೂರು ಸಂಜೆ, ಮೂರು ಚಿಕ್ಕ ಲೋಟ. ಹೊರಗಿನಿಂದ ಓರೆಯಾಗಿ ಕತ್ತರಿಸಿದ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿ ಎರಡು ಸುತ್ತು. ನೇರವಾಗಿ ಕತ್ತರಿಸಿದ್ದು ತುದಿಯ ತಿರುವಿಗೆ ಬಾಗದೆ ಸೆಟೆದುಕೊಳ್ಳುತ್ತೆ, ಸುಮ್ನೆ ಹಟ ಮಾಡಬೇಡಿ.

ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ಸೀಲ್ ಚರ್ಮದ ಕಯಾಕಿನ ತುದಿಗಳಿಗೆ ಮೂಳೆಯ ತುಂಡು ಕೂರಿಸುತ್ತಿದ್ದರು, ಮಂಜುಗಡ್ಡೆ ತಾಗಿ ಚರ್ಮ ಹರಿಯದಿರಲಿ ಅಂತ. ಎರಡೂ ತುದಿಗೆ. ನಾನು ಒಂದಕ್ಕೇ ನಿಲ್ಲಿಸಿದೆ. ಇನ್ನೊಮ್ಮೆ ದೋಣಿ ತಿರುಗಿಸಿ ನೇತುಹಾಕಿ, ಮತ್ತೆ ಆ ಮೆಟ್ಟಿಲಿನ ಜನಕ್ಕೆಲ್ಲ ಉತ್ತರ ಹೇಳುವುದು ನನ್ನಿಂದಾಗಲಿಲ್ಲ.

ನಿನ್ನೆ ಗೆಳೆಯ ಫೋನ್ ಮಾಡಿದ್ದ. "ಭಾನುವಾರ ಹೋಗೋಣ್ವಾ?"

"ಹೋಗೋಣ. ಆದರೆ ಇಳಿದ ಮೇಲೆ ಬಾಲ ನೀನು ಎತ್ತಬೇಕು."

"ಅಯ್ಯೋ, ನನಗೆ ಬೆನ್ನು ನೋವು ಕಣೋ" ಅಂದ.