ಅಳದ ಮಗು ಒಳ್ಳೆ ಮಗು ಅಂದವರು ಯಾರು?

"ಭಾಳ ಶಾಣೇ ಕೂಸರಿ. ಅಳಂಗೇ ಇಲ್ಲ. ಯಾರ್ ಕರದ್ರೂ ಹೋಗ್ತದ."

ಎರಡು ವರ್ಷದ ಹಿಂದೆ ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದ ಅಜ್ಜಿ ಹೇಳಿದ ಮಾತಿದು. ಕೇಳಿ ನನಗೂ ಖುಷಿಯಾಗಿತ್ತು. ಶಾಲೆ ಶುರುವಾದ ಮೊದಲ ವಾರ ನಲಿಕಲಿ ಕೋಣೆಯಲ್ಲಿ ಬರೀ ಅಳು. ಒಬ್ಬ ಬಾಗಿಲು ಬಿಡಲ್ಲ, ಇನ್ನೊಬ್ಬಳು ಅವ್ವನ ಸೆರಗು ಬಿಡಲ್ಲ. ಇವಳು ಬಂದವಳೇ ನನ್ನ ತೊಡೆ ಮೇಲೆ ಕೂತಳು. ಮರುದಿನ ಅಡುಗೆಯವರ ತೊಡೆ. ಅದರ ಮರುದಿನ ಸಿಲಿಂಡರ್ ತಂದವನ ಕೈ ಹಿಡಿದು ಗೇಟ್ ದಾಟಿ ಹೋಗುತ್ತಿದ್ದಳು. ಅವತ್ತು ನನ್ನ ಎದೆ ಧಸಕ್ ಅಂದಿತು.

ಆಮೇಲೆ ಗಮನಿಸತೊಡಗಿದೆ. ಒಮ್ಮೆ ಮೆಟ್ಟಿಲ ಮೇಲೆ ಬಿದ್ದಳು. ಮೊಣಕಾಲಿಂದ ರಕ್ತ. ಅಳಲಿಲ್ಲ, ಯಾರನ್ನೂ ಹುಡುಕಲಿಲ್ಲ. ಲಂಗದ ಅಂಚಿನಿಂದ ತಾನೇ ಒರೆಸಿಕೊಂಡು ಹೋಗಿ ಕೂತಳು. ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟ ದಿನ ಅರ್ಧ ತಿಂದು, ಉಳಿದರ್ಧ ಕಂಪಾಸ್ ಬಾಕ್ಸಿನಲ್ಲಿ ಇಡುತ್ತಿದ್ದಳು. ಎರಡು ದಿನ ಬಿಟ್ಟು ಕೋಣೆಯೆಲ್ಲ ನಾತ. "ಕಳ್ಳಿ" ಅಂತ ಮಕ್ಕಳು ಹೆಸರಿಟ್ಟರು. ತನ್ನ ಪಾಲಿನ ಮೊಟ್ಟೆಯನ್ನೇ ಎತ್ತಿಟ್ಟುಕೊಂಡರೆ ಕಳ್ಳತನ ಹೇಗಾಗುತ್ತೆ ಹೇಳಿ?

ಅವಳಿಗೆ ಒಂದೂವರೆ ವರ್ಷ ಆಗಿದ್ದಾಗ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು. ಗಾರೆ ಕೆಲಸ. ಕೂಸು ಕೆಲ ತಿಂಗಳು ದೊಡ್ಡಮ್ಮನ ಮನೆ, ಮತ್ತೆ ಕೆಲ ತಿಂಗಳು ಅವರ ಜೊತೆ ಶೆಡ್ಡಿನಲ್ಲಿ, ಆಮೇಲೆ ಅತ್ತೆ ಮನೆ, ಕೊನೆಗೆ ಅಜ್ಜಿ. ನಮ್ಮ ರಾಯಚೂರು, ಯಾದಗಿರಿ ಕಡೆ ಇದು ಪ್ರತಿ ಓಣಿಯ ಕಥೆ. ಯಾರೂ ಹೊಡೆದಿಲ್ಲ, ಉಪವಾಸ ಕೆಡವಿಲ್ಲ. ಆದರೆ ಆ ಕೂಸಿಗೆ "ಇವರು ನನ್ನವರು" ಅನ್ನಿಸುವಷ್ಟರಲ್ಲಿ ಪ್ರತಿ ಸಲ ಮುಖ ಬದಲಾಯಿತು.

ಅಳದಿದ್ದರೆ ತಾಯಿನೂ ಹಾಲು ಕೊಡಲ್ಲ ಅಂತಾರೆ. ಅತ್ತರೂ ತಾಯಿ ಬರದಿದ್ದರೆ? ಮಗು ಅಳುವುದನ್ನೇ ಬಿಡುತ್ತೆ.

ಇದನ್ನು ಮೊದಲೇ ಕಂಡವರಿದ್ದಾರೆ ಅಂತ ಓದಿದಾಗ ಗೊತ್ತಾಯಿತು. ಜೇಮ್ಸ್ ರಾಬರ್ಟ್‌ಸನ್ ಅಂತ ಒಬ್ಬ ಸಮಾಜ ಕಾರ್ಯಕರ್ತ, ಸ್ಕಾಟ್ಲೆಂಡಿನವರು, ಕೆಲಸ ಮಾಡಿದ್ದು ಇಂಗ್ಲೆಂಡಿನಲ್ಲಿ. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಮಕ್ಕಳ ಜೊತೆ ತಾಯಿ ಉಳಿಯುವ ಹಾಗಿರಲಿಲ್ಲ, ಬಂದು ನೋಡುವುದಕ್ಕೂ ಕಟ್ಟುನಿಟ್ಟು. ಮಗು ಮೊದಲು ಗಲಾಟೆ ಮಾಡಿ ಅಳುತ್ತಿತ್ತು. ಆಮೇಲೆ ಮಂಕಾಗುತ್ತಿತ್ತು. ದಿನ ಕಳೆದಂತೆ ಯಾವ ನರ್ಸ್ ಎತ್ತಿಕೊಂಡರೂ ನಗುತ್ತಿತ್ತು. ಅವ್ವ ಬಂದರೆ ಮುಖ ತಿರುಗಿಸುತ್ತಿತ್ತು. "ಹೊಂದಿಕೊಂಡಿದೆ" ಅಂತ ಆಸ್ಪತ್ರೆಯವರಿಗೆ ಸಮಾಧಾನ. ಇದು ಹೊಂದಿಕೆಯಲ್ಲ, ಮಗು ಆಸೆ ಬಿಟ್ಟಿದೆ ಅಂದವರು ರಾಬರ್ಟ್‌ಸನ್. ಹೆಚ್ಚಿನ ವೈದ್ಯರು ನಂಬಲಿಲ್ಲ. 1952ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳನ್ನು ಸಿನಿಮಾ ತೆಗೆದು ತೋರಿಸಿದರು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೇ ತಂದೆತಾಯಿಯನ್ನು ಒಳಗೆ ಬಿಡಿ ಅಂತ ಹೇಳಿತು.

ರೊಮೇನಿಯಾದ್ದು ಇನ್ನೂ ಘೋರ. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ತೊಟ್ಟಿಲು ಸಾಲುಸಾಲು, ಸದ್ದೇ ಇಲ್ಲ. ಅಪರಿಚಿತರು ಬಂದರೆ ಮಕ್ಕಳು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಿದ್ದರು. 2000ದ ಹೊತ್ತಿಗೆ ರಾಜಧಾನಿ ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರು ಜಾಸ್ತಿ ಚೇತರಿಸಿಕೊಂಡರು. ಆದರೆ ಯಾರು ಕರೆದರೂ ಹೋಗುವ ಅಭ್ಯಾಸ ಕೆಲವರಲ್ಲಿ ಉಳಿದೇಬಿಟ್ಟಿತು. ಇದನ್ನು ಓದಿದಾಗ ನನಗೆ ಆ ಸಿಲಿಂಡರ್ ಗಾಡಿ ನೆನಪಾಯಿತು.

ಇದನ್ನು ಓದಿ ದಯವಿಟ್ಟು ಆ ತಾಯಿಯನ್ನು ಬೈಯಬೇಡಿ. ಮಳೆ ಕೈಕೊಟ್ಟ ವರ್ಷ, ಸಾಲದ ಬಡ್ಡಿ ತಲೆ ಮೇಲೆ ಕೂತಾಗ, ಅವಳ ಮುಂದೆ ಯಾವ ದಾರಿ ಇತ್ತು? 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಅಂತ 1996ರಲ್ಲೇ ಕಾನೂನು ಬರೆದರು. ಅವಳು ಕೆಲಸ ಮಾಡಿದ ಜಾಗದಲ್ಲಿ ಇರಲಿಲ್ಲ. ಒಂದು ಕೋಣೆ, ದಿನಾ ಅದೇ ಒಬ್ಬ ಆಯಾ ಇದ್ದಿದ್ದರೆ ಈ ಕೂಸು ನಾಲ್ಕು ಮನೆ ತಿರುಗಬೇಕಿತ್ತಾ? ನಮ್ಮ ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ "ಕೂಸಿನ ಮನೆ" ತೆರೆದಿದ್ದು ಒಳ್ಳೇದಾಯಿತು. ಆದರೆ ಅಲ್ಲಿ ನೋಡಿಕೊಳ್ಳುವವರನ್ನು ಪದೇಪದೇ ಬದಲಾಯಿಸಬೇಡಿ. ಅವರಿಗೆ ಸರಿಯಾದ ಸಂಬಳ ಕೊಡಿ, ಅವರು ಅಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ.

ಇವಳಿಗೆ ನಾನು ಮಾಡಿದ್ದು ಬಹಳ ಸಣ್ಣದು. ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಅದೇ ಕೋಣೆ, ಅದೇ ಟೀಚರ್. ಅದೇ ಅನುಕೂಲ ಆಯಿತು. ದಿನಾ ಬೆಳಗ್ಗೆ ಹೆಸರು ಹಿಡಿದು ಕರೆದೆ. ನಾನು ರಜೆ ಹಾಕುವ ಹಿಂದಿನ ದಿನ, "ನಾಳೆ ಬರಲ್ಲ, ನಾಡಿದ್ದು ಬರ್ತೀನಿ" ಅಂತ ಹೇಳಿ ಹೋದೆ, ಹೇಳಿದ ದಿನ ಬಂದೆ. ಮೊಟ್ಟೆ ಕಿತ್ತುಕೊಳ್ಳಲಿಲ್ಲ. ಮುಚ್ಚಳ ಇರುವ ಒಂದು ಡಬ್ಬಿ ಕೊಟ್ಟು, "ಇದರಲ್ಲಿಡು, ಸಂಜೆ ಮನೆಗೆ ಒಯ್ದು ತಿನ್ನು" ಅಂದೆ. ಎರಡನೇ ತರಗತಿಯ ಸಂಕ್ರಾಂತಿ ಹೊತ್ತಿಗೆ ಮೊಟ್ಟೆ ಎತ್ತಿಡುವುದು ನಿಂತು ಡಬ್ಬಿ ಖಾಲಿಯೇ ಉಳಿಯಿತು. ಈಗ ಅದರಲ್ಲಿ ಹುಣಸೆ ಬೀಜ ತುಂಬಿದ್ದಾಳೆ, ಚೌಕಾಬಾರ ಆಡಲಿಕ್ಕೆ.

ಹೋದ ವಾರ ಮೈದಾನದಲ್ಲಿ ಯಾರೋ ದೂಡಿದರು. ಮೊಣಕೈ ಸ್ವಲ್ಪ ತರಚಿತ್ತು, ರಕ್ತ ಕೂಡ ಇಲ್ಲ. ಜೋರಾಗಿ ಅಳುತ್ತಾ ಇಡೀ ಮೈದಾನ ದಾಟಿದಳು. ದಾರಿಯಲ್ಲಿ ಇಬ್ಬರು ಟೀಚರ್ ಕೈ ಚಾಚಿ ಕರೆದರು. ನಿಲ್ಲಲಿಲ್ಲ. ನೇರ ನನ್ನ ಹತ್ತಿರ ಬಂದು ಸೊಂಟಕ್ಕೆ ಮುಖ ಒತ್ತಿದಳು. ಸೀರೆಯೆಲ್ಲ ಒದ್ದೆ.

"ಇಷ್ಟಕ್ಕೆಲ್ಲ ಅಳ್ತಾರೇನವ್ವ? ನೀವು ಸಲಿಗೆ ಜಾಸ್ತಿ ಕೊಟ್ಟೀರಿ ಟೀಚರ್" ಅಂದರು ಅವರಲ್ಲೊಬ್ಬರು.

"ಅಳ್ಲಿ ಬಿಡ್ರಿ" ಅಂದೆ.