ದೀಪ ಮೂರು, ಕಿಂಡಿ ಹದಿಮೂರು

ಬೂದು ಬಣ್ಣದ ಮೈಮೇಲೆ ಬೂದು ಬಣ್ಣದಲ್ಲೇ ಗುರುತು ಅಚ್ಚು ಹಾಕಿಸುವ ಆಲೋಚನೆ ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮ ಒಂದು ಸಲ ಕೈಗೆ ಸಿಗಬೇಕು. ಲ್ಯಾಪ್‌ಟಾಪಿನ ಎಡಗಡೆ ಎರಡು ಟೈಪ್-ಸಿ ಕಿಂಡಿ. ಥೇಟ್ ಅವಳಿ ಜವಳಿ. ಒಂದರ ಪಕ್ಕ ಸಾಸಿವೆ ಗಾತ್ರದ ಪ್ಲಗ್ಗಿನ ಗುರುತು, ಇನ್ನೊಂದರ ಪಕ್ಕ ಏನೂ ಇಲ್ಲ. ಆ ಗುರುತು ಕಾಣಬೇಕಾದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿಯಬೇಕು. ರಾತ್ರಿ ಅಷ್ಟೆಲ್ಲ ವ್ರತ ಮಾಡುವವರು ಯಾರು? ಸಿಕ್ಕ ಕಿಂಡಿಗೆ ಚಾರ್ಜರ್ ಸಿಕ್ಕಿಸಿ ಮಲಗಿದ್ದಾಯಿತು. ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್, ಬ್ಯಾಟರಿ ಶೇ. 4. ಕಿಂಡಿಗೆ ಚಾರ್ಜರ್ ಸರಿಯಾಗಿಯೇ ಕೂತಿತ್ತು, ಕ್ಲಿಕ್ ಅಂತಲೂ ಅಂದಿತ್ತು. ಕರೆಂಟು ಮಾತ್ರ ಒಳಗೆ ಹೋಗಿರಲಿಲ್ಲ.

ಟೈಪ್-ಸಿ ಬಂದದ್ದು 2014ರಲ್ಲಿ. ಒಳಗೆ 24 ಸಂಪರ್ಕ ಬಿಂದುಗಳು, ಹೇಗೆ ತಿರುಗಿಸಿದರೂ ಹೋಗುತ್ತದೆ, ಇನ್ನು ನಮ್ಮ ಕಷ್ಟವೆಲ್ಲ ಮುಗಿಯಿತು ಅಂದುಕೊಂಡೆವು. ಕಷ್ಟ ಮುಗಿಯಲಿಲ್ಲ, ವೇಷ ಬದಲಿಸಿತು. ಆಕಾರ ಒಂದೇ ಇದ್ದರೂ ಒಂದೊಂದು ಕಿಂಡಿಯ ಯೋಗ್ಯತೆ ಬೇರೆ. ಒಂದು ಬರೀ ಫೈಲು ಸಾಗಿಸುತ್ತದೆ. ಇನ್ನೊಂದು ಚಾರ್ಜೂ ತೆಗೆದುಕೊಳ್ಳುತ್ತದೆ. ಪಕ್ಕದಲ್ಲಿ ‘ಡಿ’ಯೂ ‘ಪಿ’ಯೂ ಹೆಣೆದುಕೊಂಡ ಗುರುತಿದ್ದರೆ ಮಾನಿಟರಿಗೂ ಆಗುತ್ತದೆ. ತುದಿಯಲ್ಲಿ ಬಾಣವಿರುವ ಮಿಂಚಿದ್ದರೆ ಅದು ಥಂಡರ್‌ಬೋಲ್ಟ್, ಮೂರು ಮತ್ತು ನಾಲ್ಕನೇ ಆವೃತ್ತಿಯಾದರೆ ಸೆಕೆಂಡಿಗೆ 40 ಗಿಗಾಬಿಟ್‌ವರೆಗೂ ಓಡುವ ಕುದುರೆ. ಬ್ಯಾಟರಿ ಚಿತ್ರದ ಜತೆ ಮಿಂಚಿದ್ದರೆ ಅದು ಬೇರೆಯೇ ಕಥೆ: ಲ್ಯಾಪ್‌ಟಾಪ್ ಮಲಗಿದ್ದರೂ ನಿಮ್ಮ ಫೋನಿಗೆ ಚಾರ್ಜ್ ಕೊಡುವ ದಾನಶೂರ ಕಿಂಡಿ. ಒಂದು ಕೊಡುವ ಮಿಂಚು, ಒಂದು ಓಡುವ ಮಿಂಚು. ಎರಡೂ ಬೂದು.

ಕಿಂಡಿ ಸರಿಯಿದ್ದರೆ ಕೇಬಲ್ ಕೈಕೊಡುತ್ತದೆ. ಫೋನಿನ ಜತೆ ಬಂದ ಕೇಬಲ್ಲನ್ನೂ 20 ವಾಟಿನ ಪುಟ್ಟ ಚಾರ್ಜರನ್ನೂ 65 ವಾಟ್ ಬೇಡುವ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಏನಾಗುತ್ತದೆ? ಕೆಲವು ಯಂತ್ರಗಳು ಮುಖ ತಿರುಗಿಸಿ ಸುಮ್ಮನಾಗುತ್ತವೆ. ಕೆಲವು ಚಾರ್ಜ್ ಆಗುತ್ತಿದೆ ಎಂದು ದೀಪ ತೋರಿಸುತ್ತ, ನಿಮ್ಮ ಕಣ್ಣೆದುರೇ ಶೇ. 40ರಿಂದ 38ಕ್ಕೆ ಇಳಿಯುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪುಗಳು ಟೈಪ್-ಸಿಯಿಂದ ಚಾರ್ಜ್ ಆಗುವಂತಿರಬೇಕೆಂಬ ನಿಯಮವಿದೆ. ಸಂತೋಷ. ಯಾವ ಕಿಂಡಿಯಿಂದ ಎಂದು ದೊಡ್ಡದಾಗಿ ಬರೆಯಿರಿ ಅಂತಲೂ ಒಂದು ಸಾಲು ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಈ ದೀಪಗಳದ್ದಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೇ. ಒಬ್ಬ ತಯಾರಕರಿಗೆ ಕಿತ್ತಳೆ ಅಂದರೆ ಚಾರ್ಜ್ ಆಗುತ್ತಿದೆ, ಬಿಳಿ ಅಂದರೆ ತುಂಬಿದೆ. ಇನ್ನೊಬ್ಬರಿಗೆ ಕಿತ್ತಳೆ ಅಂದರೆ ಪ್ರಾಣ ಹೋಗುತ್ತಿದೆ. ಮಿಣಮಿಣ ಅಂದರೆ ನಿದ್ದೆಯೂ ಇರಬಹುದು, ಬ್ಯಾಟರಿ ಖಾಲಿಯೂ ಇರಬಹುದು. ಎರಡರ ನಡುವೆ ವ್ಯತ್ಯಾಸ ಬಣ್ಣದಲ್ಲಿ, ಆ ಬಣ್ಣದ ಅರ್ಥ ಕೈಪಿಡಿಯಲ್ಲಿ, ಕೈಪಿಡಿ ಡಬ್ಬದಲ್ಲಿ, ಡಬ್ಬ ಅಟ್ಟದ ಮೇಲೆ.

ಇದರಲ್ಲಿ ಹೆಚ್ಚು ಮೋಸ ಮಾಡುವುದು ಅಡಾಪ್ಟರಿನ ದೀಪ. ಕಪ್ಪು ಇಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿದೆ, ಹಾಗಾದರೆ ಎಲ್ಲ ಸರಿಯಿದೆ ಎಂದು ನಂಬುತ್ತೇವೆ. ಆ ದೀಪ ಹೇಳುವುದು ಗೋಡೆಯಿಂದ ಇಟ್ಟಿಗೆಯವರೆಗಿನ ಸಮಾಚಾರ ಮಾತ್ರ. ಇಟ್ಟಿಗೆಯಿಂದ ಲ್ಯಾಪ್‌ಟಾಪಿನವರೆಗಿನ ಸಮಾಚಾರಕ್ಕೆ ಲ್ಯಾಪ್‌ಟಾಪಿನ ಅಂಚಿನ ದೀಪವನ್ನೇ ನೋಡಬೇಕು. ಇಟ್ಟಿಗೆಯ ದೀಪವೇ ಆರಿದ್ದರೆ ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಇಟ್ಟಿಗೆಯ ಹಿಂಬದಿಗೆ ಚುಚ್ಚುವ ದಪ್ಪ ವೈರು. ಅದು ಅರ್ಧ ಸೆಂಟಿಮೀಟರ್ ಹೊರಗೆ ಜಾರಿಕೊಂಡು, ಒಳಗಿರುವ ಹಾಗೇ ನಟಿಸುವುದರಲ್ಲಿ ಪಳಗಿದ ಕೈ. ಇಟ್ಟಿಗೆಯ ದೀಪ ಉರಿಯುತ್ತಿದ್ದು ಲ್ಯಾಪ್‌ಟಾಪಿನದು ಸತ್ತಿದ್ದರೆ ತುದಿಯ ದುಂಡನೆಯ ಪಿನ್ನಿನ ಒಳಗೆ ಇಣುಕಿ. ಕೆಲವು ಕಂಪನಿಗಳ ಪಿನ್ನಿನ ನಟ್ಟನಡುವೆ ಸೂಜಿಯಂಥ ಕಡ್ಡಿಯೊಂದಿರುತ್ತದೆ. ‘ನಾನು ಇಂಥ ಅಡಾಪ್ಟರು, ಇಷ್ಟು ವಾಟು’ ಎಂದು ಲ್ಯಾಪ್‌ಟಾಪಿನ ಕಿವಿಯಲ್ಲಿ ಹೇಳುವುದು ಅದೇ. ಕಡ್ಡಿ ಬಗ್ಗಿದರೋ ಮುರಿದರೋ ಪರಿಚಯ ತಪ್ಪುತ್ತದೆ. ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಪಾಪ, ಬ್ಯಾಟರಿಯನ್ನು ಬೈದು ಹೊಸದು ಹಾಕಿಸುತ್ತಾರೆ. ಹೊಸದೂ ತುಂಬುವುದಿಲ್ಲ. ಆ ವೈರಿನ ಮೇಲೆ ಇಲಿ ನುಂಗಿದ ಹಾವಿನ ಹಾಗೆ ಒಂದು ಗಂಟಿರುತ್ತದಲ್ಲ, ಅದು ಫೆರೈಟ್ ಎಂಬ ಕಾಂತೀಯ ವಸ್ತು, ವೈರಿನಲ್ಲಿ ಹರಿಯುವ ಗದ್ದಲವನ್ನು ತಡೆಯುವುದಕ್ಕೆ. ಅದೊಂದೇ ಯಾರಿಗೂ ತೊಂದರೆ ಕೊಡದ ಭಾಗ.

ಸ್ಕ್ರೀನು ಕಪ್ಪಗಿದ್ದು, ಬ್ಯಾಟರಿ ದೀಪ ಕಿತ್ತಳೆ ಕಿತ್ತಳೆ, ಬಿಳಿ ಬಿಳಿ ಬಿಳಿ ಎಂದು ಲೆಕ್ಕ ಹಾಕಿದಂತೆ ಮಿಟುಕಿದರೆ ಅದು ಕೆಟ್ಟದ್ದಲ್ಲ, ರೋಗಿ ತನ್ನ ಬಾಯಾರೆ ರೋಗ ಹೇಳುತ್ತಿದೆ. ಕೆಲವು ಯಂತ್ರಗಳು ಇದನ್ನೇ ಕ್ಯಾಪ್ಸ್‌ಲಾಕ್ ದೀಪದಲ್ಲಿ ಹೇಳುತ್ತವೆ. ಎಷ್ಟು ಕಿತ್ತಳೆ, ಎಷ್ಟು ಬಿಳಿ ಎಂಬ ಲೆಕ್ಕ ಇಟ್ಟುಕೊಂಡರೆ ರಿಪೇರಿಯವರ ಅರ್ಧ ಕೆಲಸ ಮುಗಿದಂತೆ. ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದರೂ ಸಾಕು. ನಾವು ಮಾಡುವುದೇನು? ಪವರ್ ಬಟನ್ ಹತ್ತು ಸೆಕೆಂಡು ಒತ್ತಿಹಿಡಿದು ಅದರ ಬಾಯಿ ಮುಚ್ಚಿಸುತ್ತೇವೆ.

ಇನ್ನು ತಡಕಾಟದವರ ವಿಷಯಕ್ಕೆ ಬರೋಣ. ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಲ್ಯಾಪ್‌ಟಾಪನ್ನು ಒಂದಿಂಚು ತಿರುಗಿಸಿದರೂ ಅವಮಾನ ಎಂದು ತಿಳಿದವರು. ಪೆನ್‌ಡ್ರೈವ್ ಹಿಡಿದ ಕೈ ಯಂತ್ರದ ಬೆನ್ನ ಹಿಂದೆ ಹೋಗುತ್ತದೆ, ಕಣ್ಣು ಸೂರಿನ ಮೇಲೆ ನೆಡುತ್ತದೆ, ನಾಲಿಗೆಯ ತುದಿ ತುಸು ಹೊರಗೆ ಬರುತ್ತದೆ. ಒಂದು ಸಲ ನೂಕು, ಹೋಗಲಿಲ್ಲ. ತಿರುಗಿಸಿ ನೂಕು, ಹೋಗಲಿಲ್ಲ. ಮತ್ತೆ ಮೊದಲಿನ ಹಾಗೇ ತಿರುಗಿಸಿ ನೂಕು.

ಈ ಗೋಳಿನ ಮೂಲ 1996ರದ್ದು. ಯುಎಸ್‌ಬಿ ಹೊರಬಂದಾಗ ಚಪ್ಪಟೆ ಪ್ಲಗ್ಗಿನಲ್ಲಿ ಇದ್ದದ್ದು ನಾಲ್ಕೇ ಸಂಪರ್ಕ. ಎರಡೂ ಕಡೆಯಿಂದ ಹೋಗುವಂತೆ ಮಾಡಬೇಕಿದ್ದರೆ ವೈರೂ ಸರ್ಕೀಟೂ ಇಮ್ಮಡಿಯಾಗಿ ಖರ್ಚು ಏರುತ್ತಿತ್ತು ಎಂದು ಅದನ್ನು ರೂಪಿಸಿದ ಇಂಟೆಲ್ ತಂಡದ ಅಜಯ್ ಭಟ್ ಅವರೇ ಹೇಳಿದ್ದಾರೆ. ಅವರ ಲೆಕ್ಕ ಸರಿಯೇ. ಅಂದು ಉಳಿಸಿದ ಕಾಸಿಗೆ ನಾವು ಇಂದಿಗೂ ಬಡ್ಡಿ ಕಟ್ಟುತ್ತಿದ್ದೇವೆ. ಪ್ಲಗ್ಗಿನ ಮೇಲೆ ತ್ರಿಶೂಲದಂಥ ಗುರುತಿದೆಯಲ್ಲ, ಮಲಗಿದ ಕಿಂಡಿಗೆ ಅದು ಆಕಾಶ ನೋಡುವಂತೆ ಹಿಡಿಯಬೇಕು. ಗುರುತಿಲ್ಲದ ಪೆನ್‌ಡ್ರೈವ್ ಆದರೆ ಲೋಹದ ಕವಚದಲ್ಲಿ ಮಡಿಸಿ ಕೂಡಿಸಿದ ಗೆರೆ ಯಾವ ಕಡೆಯಿದೆ ನೋಡಿ. ಸಾಮಾನ್ಯವಾಗಿ ಗೆರೆಯಿರುವ ಕಡೆ ಕೆಳಗೆ. ನೋಡಬೇಕು ಅಂದೆ. ತಡಕಾಟದವರು ನೋಡುವುದಿಲ್ಲ.

ಹಾಗೆ ನೋಡದೆ ನೂಕುತ್ತ ನೂಕುತ್ತ ಒಂದು ಹಂತದಲ್ಲಿ ಪೆನ್‌ಡ್ರೈವ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಸಲೀಸಾಗಿ ಹೋಗಿಬಿಡುತ್ತದೆ. ಮುಖದಲ್ಲಿ ವಿಜಯದ ಕಳೆ. ‘ಹೋಯ್ತು ನೋಡಿ!’ ಹೋದದ್ದು ನಿಜ. ಹೋದದ್ದು ಲ್ಯಾನ್ ಕಿಂಡಿಗೆ. ಯುಎಸ್‌ಬಿ ಪ್ಲಗ್ಗಿನ ಅಗಲ 12 ಮಿ.ಮೀ., ನೆಟ್ ಕೇಬಲ್ಲಿನ ಕಿಂಡಿಯೂ ಹೆಚ್ಚುಕಮ್ಮಿ ಅಷ್ಟೇ ಅಗಲ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ನಿಜವಾದ ಯುಎಸ್‌ಬಿ ಕಿಂಡಿಯಲ್ಲಿ ಕೂಡ ಅಷ್ಟು ಹಿತವಾಗಿ ಕೂರುವುದಿಲ್ಲ.

ಆಮೇಲೆ ಶುರು. ‘ತೋರಿಸ್ತಾ ಇಲ್ವಲ್ಲ ಸಾರ್.’ ‘ಸ್ವಲ್ಪ ತಡೀರಿ, ಲೋಡ್ ಆಗ್ತಿರಬಹುದು.’ ‘ರಿಫ್ರೆಶ್ ಮಾಡಿ.’ ರಿಫ್ರೆಶ್ ಆಯಿತು. ರೀಸ್ಟಾರ್ಟ್ ಆಯಿತು, ಅದರ ನಡುವೆ ಅಪ್‌ಡೇಟೂ ಆಯಿತು, ಹನ್ನೆರಡು ಜನ ಕೂತು ಸುತ್ತುವ ಚಕ್ರ ನೋಡಿದ್ದಾಯಿತು. ‘ತೆಗೆದು ಊದಿ ಹಾಕ್ರೀ’ ಎಂದು ಹಿಂದಿನ ಸಾಲಿನಿಂದ ಸಲಹೆ. ತೆಗೆದು, ಊದಿ, ಮತ್ತೆ ಅದೇ ಕಿಂಡಿಗೆ. ‘ವೈರಸ್ ಬಂದಿದೆ.’ ‘ಪೆನ್‌ಡ್ರೈವ್ ಸತ್ತಿದೆ, ಇವೆಲ್ಲ ಬಾಳಿಕೆ ಬರೋದಿಲ್ಲ ಮೇಡಂ.’ ಒಬ್ಬರಾದರೂ ಎದ್ದು ಹೋಗಿ ಹಿಂಬದಿ ನೋಡುತ್ತಾರಾ? ಕೊನೆಗೆ ಫೈಲನ್ನು ಮೇಲ್ ಮಾಡಿಸಿಕೊಂಡು ಮೀಟಿಂಗ್ ನಡೆಯುತ್ತದೆ. ಆ ಪೆನ್‌ಡ್ರೈವಿಗೆ ಒಂದೇ ಮಾತಿನಲ್ಲಿ ಮರಣಪತ್ರ ಬರೆದಾಗಿರುತ್ತದೆ.

ಸುಮ್ಮನೆ ನಕ್ಕು ಬಿಡುವಂತಿಲ್ಲ. ಲ್ಯಾನ್ ಕಿಂಡಿಯೊಳಗೆ ಕೂದಲೆಳೆಯಂಥ ಎಂಟು ಸ್ಪ್ರಿಂಗ್ ತಂತಿಗಳಿವೆ. ಲೋಹದ ಪ್ಲಗ್ಗನ್ನು ಒಳಗೆ ಹೊರಗೆ ಎಳೆದಾಡಿದರೆ ಅವು ಬಗ್ಗಬಹುದು. ಒಂದು ಬಗ್ಗಿದರೂ ಮುಂದೊಂದು ದಿನ ನೆಟ್ ಕೇಬಲ್ ಹಾಕಿದಾಗ ಕಿಂಡಿಯ ಪಕ್ಕದ ಪುಟ್ಟ ದೀಪ ಹತ್ತದೇ ಹೋಗಬಹುದು, ಆಗ ಇಂಟರ್ನೆಟ್‌ನವರಿಗೆ ಬೈಗುಳ. ಗುರುತು ಸುಲಭ: ಯುಎಸ್‌ಬಿ ಕಿಂಡಿಯೊಳಗೆ ಪ್ಲಾಸ್ಟಿಕ್ಕಿನ ನಾಲಿಗೆ ಇರುತ್ತದೆ, ಲ್ಯಾನ್ ಕಿಂಡಿ ಹಲ್ಲಿಲ್ಲದ ಬಾಯಿಯ ಹಾಗೆ ಆಳಕ್ಕೆ ತೆರೆದಿರುತ್ತದೆ. ಆ ನಾಲಿಗೆ ನೀಲಿಯಾಗಿದ್ದರೆ ಅದು 2008ರ 3.0 ತಲೆಮಾರಿನದು, ಸಂಪರ್ಕ ಒಂಬತ್ತು, ವೇಗ ಸೆಕೆಂಡಿಗೆ 5 ಗಿಗಾಬಿಟ್. ಇಲ್ಲೂ ಒಂದು ಚೇಷ್ಟೆ ಇದೆ. ಇದಕ್ಕೆ ಪ್ಲಗ್ಗನ್ನು ತೀರಾ ನಿಧಾನ ನೂಕಿದರೆ ಹಳೆಯ ನಾಲ್ಕು ಸಂಪರ್ಕ ಮೊದಲು ತಾಗಿ, ಯಂತ್ರ ‘ಓ, ಹಳಬರು ಬಂದರು’ ಎಂದುಕೊಂಡು 480 ಮೆಗಾಬಿಟ್ಟಿಗೇ ಕಟ್ಟಿಹಾಕಬಹುದು. ಒಂದೇ ಏಟಿಗೆ ನೂಕಬೇಕು. ತಡಕಾಟದವರಿಗೆ ಇದನ್ನು ಹೇಳಬೇಡಿ.

ತಡಕಾಟದವರ ತಮ್ಮಂದಿರು ಚುಚ್ಚಾಟದವರು. ಸಣ್ಣ ತೂತು ಕಂಡರೆ ಅವರ ಕೈಗೆ ಪೇಪರ್ ಕ್ಲಿಪ್ ತಾನಾಗಿ ಬರುತ್ತದೆ. ಸಿಡಿ ಡ್ರೈವಿನ ಕಾಲದಲ್ಲಿ ಕಲಿತ ವಿದ್ಯೆ ಅದು, ಟ್ರೇ ಸಿಕ್ಕಿಕೊಂಡರೆ ತೂತಿಗೆ ಕ್ಲಿಪ್ ಹಾಕಿ ಈಚೆ ತೆಗೆಯುವುದು. ಡ್ರೈವ್ ಹೋಯಿತು, ವಿದ್ಯೆ ಉಳಿಯಿತು. ಈಗ ಕ್ಯಾಮೆರಾದ ಅಕ್ಕಪಕ್ಕದ ಸೂಜಿತೂತಿಗೆ ಚುಚ್ಚುತ್ತಾರೆ. ಅದು ಮೈಕು. ಅಂದಿನಿಂದ ಅವರ ದನಿ ಬಾವಿಯೊಳಗಿಂದ ಬರುತ್ತದೆ. ಕೆಳಗಡೆ ಕೆಲವು ಮಾದರಿಗಳಲ್ಲಿ ರೀಸೆಟ್‌ಗೆಂದೇ ನಿಜವಾದ ತೂತಿರುತ್ತದೆ, ಅದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಬೀಗದ ಗುರುತಿನ ಉದ್ದ ಕಿಂಡಿ ಕಳ್ಳರಿಗೆ ಹೆದರಿ ಉಕ್ಕಿನ ಸರಪಳಿ ಹಾಕುವುದಕ್ಕೆ. ಅದರಲ್ಲಿ ಏನೂ ಚಾರ್ಜ್ ಆಗುವುದಿಲ್ಲ, ಪ್ರಯತ್ನಿಸಿದವರಿದ್ದಾರೆ. ಕ್ಯಾಮೆರಾಗೆ ದೃಷ್ಟಿಬೊಟ್ಟಿನ ಹಾಗೆ ಸ್ಟಿಕರ್ ಅಂಟಿಸುವವರು ಪಕ್ಕದಲ್ಲಿ ಬೆಳಕು ಅಳೆಯುವ ಸೆನ್ಸರ್ ಇದೆಯೇ ನೋಡಿಕೊಳ್ಳಬೇಕು. ಅದೂ ಮುಚ್ಚಿದರೆ ಯಂತ್ರ ‘ರಾತ್ರಿಯಾಯಿತು’ ಎಂದು ತಿಳಿದು ನಡುಮಧ್ಯಾಹ್ನ ಸ್ಕ್ರೀನ್ ಮಂಕಾಗಿಸುತ್ತದೆ.

ಹೆಡ್‌ಫೋನಿಗೆ ಒಂದೇ ಮಾತು: ಪಿನ್ನಿನ ಮೇಲೆ ಕಪ್ಪು ಉಂಗುರ ಮೂರಿದ್ದರೆ ಮೈಕೂ ಇದೆ, ಎರಡಿದ್ದರೆ ಬರೀ ಕೇಳಬಹುದು. ಕೊನೆಯ ಮಿಲಿಮೀಟರ್‌ವರೆಗೂ ಒತ್ತಿ, ಅರ್ಧಕ್ಕೆ ನಿಂತರೆ ಹಾಡುಗಾರರು ಹಿಂದೆ ಸರಿದು ವಾದ್ಯದವರು ಮಾತ್ರ ಕೇಳಿಸುತ್ತಾರೆ.

ಸಣ್ಣ ಕೀಬೋರ್ಡಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಸೊಗಸಿತ್ತು. ನಮ್‌ಲಾಕ್ ದೀಪ ಹತ್ತಿದ್ದರೆ ಬಲಗೈ ಕಡೆಯ ಹಲವು ಅಕ್ಷರಗಳು ಅಂಕಿಯಾಗುತ್ತಿದ್ದವು. ‘ಮುರಳಿ’ ಎಂದು ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಹೊಡೆದರೆ ಒಳಗೆ ಹೋಗುತ್ತಿದ್ದದ್ದು ಸೊನ್ನೆ, ನಾಲ್ಕು, ಆರ್, ಎ, ಮೂರು, ಐದು. ಅದರಲ್ಲಿ ‘ಆರ್’ ಆರಲ್ಲ, ಅಕ್ಷರ. ಪರದೆ ಮೇಲೆ ಕಾಣುತ್ತಿದ್ದದ್ದು ಆರು ಚುಕ್ಕೆ. ತಪ್ಪು, ತಪ್ಪು, ತಪ್ಪು. ತನ್ನ ಹೆಸರೇ ತಪ್ಪೆಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಆ ಪುಟ್ಟ ದೀಪ ಮಾತ್ರ ಅಂಗೈಯಗಲದ ದೂರದಲ್ಲಿ ಉರಿಯುತ್ತಲೇ ಇರುತ್ತಿತ್ತು.

ಆದರೂ ಆ ಹಳೆಯ ಯಂತ್ರಗಳ ಒಂದೆರಡು ಸಂಗತಿ ಈಗ ನೆನಪಾಗುತ್ತವೆ. ಮುಂದಿನ ಅಂಚಿನಲ್ಲಿ ಹೆಬ್ಬೆರಳಿಗೆ ಸಿಗುವ ವಾಲ್ಯೂಮ್ ಚಕ್ರ, ಟಕ್ ಎಂದು ಸರಿಸುವ ವೈಫೈ ಗುಂಡಿ, ಡಬ್ಬಿಯಂಥ ಗುರುತಿನ ಪಕ್ಕ ಹಾರ್ಡ್‌ಡಿಸ್ಕಿನ ದೀಪ. ಸ್ಕ್ರೀನು ಅಲ್ಲಾಡದೆ ನಿಂತಾಗ ಆ ದೀಪ ಕಡೆಗೆ ನೋಡುತ್ತಿದ್ದೆವು. ಮಿಣುಕುತ್ತಿದ್ದರೆ ಒಳಗೆ ಏನೋ ಕೆಲಸ ನಡೆದಿದೆ, ಕಾಯಬಹುದು. ಈಗಿನ ಅನೇಕ ಯಂತ್ರಗಳಲ್ಲಿ ಅದಿಲ್ಲ. ನಿಂತದ್ದು ಯೋಚಿಸುತ್ತಿದೆಯೋ, ಹೋಗಿಯೇಬಿಟ್ಟಿದೆಯೋ ಹೇಳುವವರಿಲ್ಲ. ನುಣುಪಾದ ಲೋಹದ ಮೇಲೆ ನಮ್ಮ ಮುಖವೇ ಕಾಣುತ್ತದೆ.

ಆ ಲೋಹ ಕೆಲವೊಮ್ಮೆ ಮಣಿಕಟ್ಟಿಗೆ ಜುಮ್ಮೆನಿಸುತ್ತದೆ. ದೆವ್ವವಲ್ಲ, ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರಿನ ಮೂಲಕ ಬರುವ ಅತಿಸಣ್ಣ ಸೋರಿಕೆ. ಅರ್ತ್ ಇರುವ ಮೂರು ಕಾಲಿನ ಪ್ಲಗ್ಗು ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಜುಮ್ಮಲ್ಲ, ಹೊಡೆಯುತ್ತಿದೆ ಅಂದರೆ ಆ ಅಡಾಪ್ಟರು ಬೇಡ. ಮಣಿಕಟ್ಟಿನಲ್ಲಿ ಅಯಸ್ಕಾಂತದ ಕೊಂಡಿಯ ವಾಚ್ ಪಟ್ಟಿ ಇದ್ದರೆ ಮತ್ತೊಂದು ತಮಾಷೆ: ಮುಚ್ಚಳ ಮುಚ್ಚಿತೆಂದು ತಿಳಿಯಲು ಯಂತ್ರ ಅಂಚಿನಲ್ಲಿ ಅಯಸ್ಕಾಂತವನ್ನೇ ಕಾಯುತ್ತಿರುತ್ತದೆ, ನಿಮ್ಮ ಕೈ ಸರಿದಾಗಲೆಲ್ಲ ಮಲಗಿಬಿಡುತ್ತದೆ.

ತಡಕಾಟದವರು ಮೊನ್ನೆ ಇನ್ನೊಂದು ಕಿಂಡಿ ಪತ್ತೆ ಮಾಡಿದ್ದಾರೆ. ಮೆಮೊರಿ ಕಾರ್ಡಿನದು. ಬೆರಳು ತಾಗಿ ಒಳಗೊತ್ತಿದಾಗ ಚಿಕ್ ಎಂದು ಕಪ್ಪು ಕಾರ್ಡೊಂದು ಹೊರಗೆ ನೆಗೆಯಿತು. ಕಾರ್ಖಾನೆಯಲ್ಲಿ ಧೂಳು ಹೋಗದಿರಲೆಂದು ಇಡುವ ಬರೀ ಪ್ಲಾಸ್ಟಿಕ್ ತುಂಡು ಅದು, ಹಿಂಬದಿಯಲ್ಲಿ ಬಂಗಾರದ ಬಣ್ಣದ ಒಂದು ಗೆರೆಯೂ ಇಲ್ಲ. ಅದನ್ನು ಅಂಗಿಗೆ ಒರೆಸಿ, ಊದಿ, ಎರಡೂ ಕಡೆ ತಿರುಗಿಸಿ ಹಾಕಿ ನೋಡಿದರು. ಈಗ ಅಂಗಡಿಗೆ ಒಯ್ಯುವ ತಯಾರಿಯಲ್ಲಿದ್ದಾರೆ.

‘ಹಳೇ ಫೋಟೊ ಎಲ್ಲ ಇದರಲ್ಲೇ ಇದ್ದಿರಬೇಕು ಕಣ್ರೀ. ಡೇಟಾ ರಿಕವರಿಗೆ ಎಷ್ಟು ತಗೋತಾರೆ?’